ಹೊಲಿಗೆಯ ಯಂತ್ರ ಗೆದ್ದ ಬಗೆ

ನಮ್ಮ ಮನೆಯ ನಡುಮನೆಯಲ್ಲಿ, ಬೀದಿಯ ಕಡೆಗೆ ತೆರೆದ ಕಿಟಕಿಯ ಕೆಳಗೆ, ಒಂದು ಹೊಲಿಗೆಯ ಯಂತ್ರವಿದೆ. ಕಪ್ಪು ಮೈ, ಅದರ ಮೇಲೆ ಅರ್ಧ ಅಳಿಸಿಹೋದ ಹೊಂಬಣ್ಣದ ಬಳ್ಳಿ, ಕೆಳಗೆ ಎರಕದ ಕಬ್ಬಿಣದ ಪೆಡಲು. ನಮ್ಮ ತಾಯಿಯವರು ಅದನ್ನು ಕೊಂಡದ್ದು 1987ರಲ್ಲಿ. ನಾನು ಆಗ ಎರಡನೆಯ ತರಗತಿಯ ಹುಡುಗ. ಈಗ ಅದರಲ್ಲಿ ಹೊಲಿಯುವವರು ಯಾರೂ ಇಲ್ಲ. ಆದರೂ ಪ್ರತಿ ವರ್ಷ ಆಯುಧಪೂಜೆಯ ದಿನ ಅಮ್ಮ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಅರಿಸಿನ ಕುಂಕುಮವಿಟ್ಟು, ಹಳೆಯ ಬಟ್ಟೆಯ ಒಂದು ಚೂರಿನ ಮೇಲೆ ನಾಲ್ಕು ಹೊಲಿಗೆ ಹಾಕಿ ನೋಡುತ್ತಾರೆ. ದಾರ ಕಡಿಯದಿದ್ದರೆ ಅವರ ಹಬ್ಬ ಮುಗಿದಂತೆ.

ಕಳೆದ ದಸರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ತಿಪಟೂರಿನ ಕಡೆಯ ಹುಡುಗ. ಕನ್ನಡ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಟುಬುಕ್ಕಿನ ತುಂಬ ಚಕ್ರ, ಹಲ್ಲು, ಸನ್ನೆಗೋಲುಗಳ ಚಿತ್ರ ಬರೆಯುತ್ತಿದ್ದವನು. ಈಗ ತೆಂಗಿನಕಾಯಿ ಸುಲಿಯುವ ಒಂದು ಸಣ್ಣ ಯಂತ್ರವನ್ನು ಮಾಡಿದ್ದಾನಂತೆ. “ಯಂತ್ರ ಚೆನ್ನಾಗಿದೆ ಸಾರ್. ನೋಡಿದವರೆಲ್ಲ ಭೇಷ್ ಅನ್ನುತ್ತಾರೆ. ಕೊಳ್ಳುವವರು ಮಾತ್ರ ಇಲ್ಲ. ಒಳ್ಳೆಯ ಸಾಮಾನು ತಾನಾಗಿಯೇ ಮಾರಾಟವಾಗುತ್ತೆ ಅಂದುಕೊಂಡಿದ್ದೆ” ಎಂದ. ಕನ್ನಡ ಪಾಠ ಹೇಳುವವನಿಗೆ ವ್ಯಾಪಾರದ ಮರ್ಮವೇನು ಗೊತ್ತು! ಆದರೆ ಅಮ್ಮನ ಯಂತ್ರದ ಕುಲಗೋತ್ರಗಳನ್ನು ತಿಳಿಯಬೇಕೆಂಬ ಆಸೆಯಿಂದ ನಾನು ಕೆಲವು ವರ್ಷಗಳಿಂದ ಹೊಲಿಗೆಯ ಚರಿತ್ರೆಯನ್ನು ಓದುತ್ತ ಬಂದಿದ್ದೆ. ಅವನಿಗೆ ಅಂದು ಹೇಳಿದ ಕಥೆಯನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

ಸೂಜಿ ಮನುಷ್ಯನ ಅತ್ಯಂತ ಹಳೆಯ ಉಪಕರಣಗಳಲ್ಲಿ ಒಂದು. ನಮ್ಮ ನಾಡಿನಲ್ಲಿಯೂ ಅದಕ್ಕೆ ಮಾನವಿತ್ತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಒಬ್ಬನ ಹೆಸರೇ ಸೂಜಿಕಾಯಕದ ರಾಮಿತಂದೆ. ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡು ಮೆರೆಯುವ ಧೈರ್ಯ ಆ ಕಾಲಕ್ಕಿತ್ತು. ಇಷ್ಟು ಹಳೆಯದಾದ ಕೆಲಸಕ್ಕೆ ಯಂತ್ರ ಬಂದದ್ದು ಮಾತ್ರ ಬಹಳ ತಡವಾಗಿ. ನೂಲುವುದಕ್ಕೆ, ನೇಯುವುದಕ್ಕೆ ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಯಂತ್ರಗಳು ಬಂದವು. ಗಿರಣಿಗಳು ಮೈಲುಗಟ್ಟಲೆ ಬಟ್ಟೆಯನ್ನು ಹೊರಚೆಲ್ಲಿದವು. ಆದರೆ ಆ ಬಟ್ಟೆಯನ್ನು ಅಂಗಿಯಾಗಿ ಮಾಡಲು ದೀಪದ ಮುಂದೆ ಕುಳಿತ ಹೆಂಗಸಿನ ಬೆರಳುಗಳೇ ಬೇಕಾಗಿದ್ದವು. ಆ ಹೆಂಗಸರ ಸಂಕಟವನ್ನು ಕುರಿತು ಥಾಮಸ್ ಹುಡ್ ಬರೆದ ‘ಅಂಗಿಯ ಹಾಡು’ 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಅಚ್ಚಾಗಿ ದೇಶವನ್ನೇ ಕಲಕಿತು.

ಯಂತ್ರ ತಡವಾದದ್ದಕ್ಕೆ ಒಂದು ಕಾರಣವಿದೆ. ಕೈಯಲ್ಲಿ ಹೊಲಿಯುವಾಗ ಸೂಜಿ ಇಡಿಯಾಗಿ ಬಟ್ಟೆಯ ಆಚೆಗೆ ಹೋಗಿ ಮತ್ತೆ ಈಚೆಗೆ ಬರುತ್ತದೆ. ಇದನ್ನೇ ಯಂತ್ರದಿಂದ ಮಾಡಿಸಲು ಹೊರಟವರು ಸೋತರು. ಕೈಯನ್ನು ಅನುಕರಿಸುವುದನ್ನು ಬಿಟ್ಟಾಗಲೇ ದಾರಿ ತೆರೆಯಿತು. ಸೂಜಿಯ ಕಣ್ಣನ್ನು ಹಿಂಬದಿಯಿಂದ ಮೊನೆಯ ಹತ್ತಿರಕ್ಕೆ ತಂದರು. ಮೊನೆ ಬಟ್ಟೆಯನ್ನು ತೂರಿ ದಾರದ ಒಂದು ಕುಣಿಕೆಯನ್ನು ಕೆಳಕ್ಕೆ ಒಯ್ಯುತ್ತದೆ. ಕೆಳಗೆ ಇನ್ನೊಂದು ದಾರವನ್ನು ಹೊತ್ತ ಲಾಳಿ ಆ ಕುಣಿಕೆಯೊಳಗೆ ನುಸುಳುತ್ತದೆ. ಸೂಜಿ ಮೇಲಕ್ಕೆ ಬಂದಾಗ ಎರಡು ದಾರಗಳೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಮ್ಮನ ಯಂತ್ರದಲ್ಲಿ ಇಂದಿಗೂ ನಡೆಯುವುದು ಇಷ್ಟೇ.

ಈ ಯಂತ್ರವನ್ನು ಮೊದಲು ಕಂಡುಹಿಡಿದವರಾರು? ಇಲ್ಲಿಯೇ ನನ್ನ ವಿದ್ಯಾರ್ಥಿ ಕಿವಿ ನಿಮಿರಿಸಿದ. ಏಕೆಂದರೆ ಮೊದಲಿಗರ ಪಟ್ಟಿಯೆಂದರೆ ಸೋತವರ ಪಟ್ಟಿ.

ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬಾತ 1790ರಲ್ಲಿಯೇ ಚರ್ಮ ಹೊಲಿಯುವ ಒಂದು ಯಂತ್ರಕ್ಕೆ ಪೇಟೆಂಟು ಪಡೆದ. ಅದರ ನಕ್ಷೆ ಬೂಟು, ಮೆರುಗೆಣ್ಣೆಗಳ ಸಂಗತಿಗಳ ನಡುವೆ ಹೂತುಹೋಗಿ, 1870ರ ದಶಕದವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಸ್ವತಃ ದರ್ಜಿ. 1830ರಲ್ಲಿ ಪೇಟೆಂಟು ಪಡೆದು, ಪ್ಯಾರಿಸ್ಸಿನಲ್ಲಿ ಸುಮಾರು 80 ಯಂತ್ರಗಳನ್ನಿಟ್ಟು ಸೈನಿಕರ ಉಡುಪು ಹೊಲಿಸತೊಡಗಿದ. ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಹೆದರಿದ ಊರಿನ ದರ್ಜಿಗಳು 1831ರಲ್ಲಿ ಗುಂಪುಗೂಡಿ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ತಿಮೊನಿಯೆ 1857ರಲ್ಲಿ ಬಡವನಾಗಿಯೇ ಸತ್ತ. ಇತ್ತ ನ್ಯೂಯಾರ್ಕಿನಲ್ಲಿ ವಾಲ್ಟರ್ ಹಂಟ್ ಎಂಬ ಅದ್ಭುತ ಕುಶಲಿ 1830ರ ದಶಕದಲ್ಲಿ ಮೊನೆಗಣ್ಣಿನ ಸೂಜಿಯೂ ಎರಡು ದಾರಗಳೂ ಇರುವ ಯಂತ್ರವನ್ನು ಮಾಡಿದ. ಇದರಿಂದ ಹೊಲಿದು ಬದುಕುವ ಬಡ ಹೆಂಗಸರ ಅನ್ನ ಹೋಗುತ್ತದೆಂದು ಅವನ ಮಗಳು ಅಂಜಿದಳೆಂದೂ, ಅವನು ಪೇಟೆಂಟಿನ ಗೊಡವೆಗೆ ಹೋಗದೆ ಕೈಬಿಟ್ಟನೆಂದೂ ಹೇಳುತ್ತಾರೆ. ಮುಂದೆ ಇದೇ ಹಂಟ್ ಸೇಫ್ಟಿ ಪಿನ್ನನ್ನು ಕಂಡುಹಿಡಿದು, ಅದರ ಹಕ್ಕನ್ನು 400 ಡಾಲರುಗಳಿಗೆ ಮಾರಿಬಿಟ್ಟ. ಆ ಮಗಳ ಅಂಜಿಕೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕೆ ಮತ್ತೆ ಬರುತ್ತೇನೆ.

ಇವರೆಲ್ಲರಿಗಿಂತ ಮನಸ್ಸಿಗೆ ನಾಟುವ ಕಥೆ ಇಲಿಯಾಸ್ ಹೋವನದು. ಅಮೆರಿಕದ ಬಾಸ್ಟನ್ನಿನ ಕಡೆಯ ಬಡ ಯಂತ್ರಕಾರ. ಮನೆಯಲ್ಲಿ ಹೆಂಡತಿ ಹೊಲಿಗೆ ಹೊಲಿದು ಸಂಸಾರಕ್ಕೆ ಆಸರೆಯಾಗಿದ್ದಳು. 1845ರಲ್ಲಿ ಅವನು ತನ್ನ ಯಂತ್ರವನ್ನು ಬಾಸ್ಟನ್ನಿನ ಒಂದು ಉಡುಪಿನ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ, ಅಲ್ಲಿನ ಐವರು ಚುರುಕು ಹೆಂಗಸರೊಡನೆ ಪಂದ್ಯಕ್ಕೆ ಕುಳಿತ. ಅವರು ಒಬ್ಬೊಬ್ಬರು ಒಂದೊಂದು ಅಂಚನ್ನು ಹೊಲಿಯುವುದರೊಳಗೆ ಅವನು ಐದು ಅಂಚುಗಳನ್ನು ಮುಗಿಸಿದ. ಎಲ್ಲರೂ ಬೆರಗಾದರು. ಒಬ್ಬರೂ ಕೊಳ್ಳಲಿಲ್ಲ! 1846ರ ಸೆಪ್ಟೆಂಬರಿನಲ್ಲಿ ಪೇಟೆಂಟು ಸಿಕ್ಕಿತು; ಗಿರಾಕಿ ಸಿಗಲಿಲ್ಲ. ಬೆಲೆ ಸುಮಾರು 300 ಡಾಲರು. ಬಟ್ಟೆಯನ್ನು ನೆಟ್ಟಗೆ ತೂಗುಹಾಕಿ ಹೊಲಿಯಬೇಕು. ನೇರ ಹೊಲಿಗೆಯಷ್ಟೇ ಬರುತ್ತದೆ. ಸ್ವಲ್ಪ ದೂರ ಹೊಲಿದು ಮತ್ತೆ ಬಟ್ಟೆಯನ್ನು ಹೊಂದಿಸಬೇಕು. ಬೇಸತ್ತ ಹೋವ್ ಇಂಗ್ಲೆಂಡಿಗೆ ಹೋಗಿ ಅಲ್ಲಿಯೂ ಕೈಸುಟ್ಟುಕೊಂಡು ಬರಿಗೈಯಲ್ಲಿ ಹಿಂದಿರುಗಿದ. ಸ್ವಲ್ಪ ಕಾಲದಲ್ಲಿಯೇ ಹೆಂಡತಿ ತೀರಿಕೊಂಡಳು. ಅಷ್ಟರಲ್ಲಿ ಅವನ ಕಲ್ಪನೆಯನ್ನೇ ಬಳಸಿಕೊಂಡ ಯಂತ್ರಗಳನ್ನು ಊರಿನಲ್ಲಿ ಬೇರೆಯವರು ಮಾಡಿ ಮಾರತೊಡಗಿದ್ದರು.

ಆ ಬೇರೆಯವರಲ್ಲಿ ಐಸಾಕ್ ಮೆರಿಟ್ ಸಿಂಗರ್ ಮುಖ್ಯನಾದವನು. ಊರೂರು ಸುತ್ತಿ ನಾಟಕವಾಡುತ್ತಿದ್ದ ನಟ. ನಡುನಡುವೆ ಯಂತ್ರಗಳನ್ನೂ ಮಾಡುತ್ತಿದ್ದವನು. 1850ರಲ್ಲಿ ಬಾಸ್ಟನ್ನಿನ ಒಂದು ಕಾರ್ಯಾಗಾರದಲ್ಲಿ ರಿಪೇರಿಗೆ ಬಂದಿದ್ದ ಹೊಲಿಗೆ ಯಂತ್ರವೊಂದನ್ನು ನೋಡಿ, ಕೆಲವೇ ದಿನಗಳಲ್ಲಿ ಅದರ ರೂಪವನ್ನೇ ಬದಲಿಸಿದ. ಸೂಜಿ ನೆಟ್ಟಗೆ ಮೇಲೆ ಕೆಳಗೆ ಆಡುವಂತಾಯಿತು. ಬಟ್ಟೆ ಮೇಜಿನ ಮೇಲೆ ಮಲಗಿತು. ಅದನ್ನು ಒತ್ತಿ ಹಿಡಿಯಲು ಒಂದು ಕಾಲು ಬಂತು. ಕೈಯಿಂದ ತಿರುಗಿಸುವುದರ ಬದಲು ಪಾದದಿಂದ ತುಳಿಯುವ ಅನುಕೂಲವಾಯಿತು. ಎರಡು ಕೈಗಳೂ ಬಿಡುವಾದವು. ಹೊಲಿಗೆ ಬೇಕಾದ ಕಡೆಗೆ ತಿರುಗಿತು. 1851ರ ಆಗಸ್ಟಿನಲ್ಲಿ ಪೇಟೆಂಟು. ಇವನು ಹೊಸದಾಗಿ ಸೃಷ್ಟಿಸಿದ್ದು ಕಡಿಮೆ. ಹೊಲಿಯುವವರಿಗೆ ಹೊಂದುವಂತೆ ಮಾಡಿದ್ದು ಹೆಚ್ಚು.

ಆದರೂ ಯಂತ್ರ ಗೆಲ್ಲಲಿಲ್ಲ. ಅದಕ್ಕೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ನ್ಯಾಯಾಲಯ. ಸೂಜಿಯ ಹಕ್ಕು ಒಬ್ಬನದು, ಬಟ್ಟೆ ಮುಂದೆ ಸರಿಸುವ ಹಲ್ಲಿನ ಹಕ್ಕು ಇನ್ನೊಬ್ಬನದು, ಮೇಜಿನದು ಮತ್ತೊಬ್ಬನದು. ಎಲ್ಲರೂ ಎಲ್ಲರ ಮೇಲೂ ದಾವೆ ಹೂಡಿದರು. ಹೋವ್ 1854ರಲ್ಲಿ ಗೆದ್ದ. ಕೊನೆಗೆ 1856ರಲ್ಲಿ ಹೋವ್, ಸಿಂಗರ್ ಕಂಪನಿ ಮತ್ತು ಇನ್ನೆರಡು ಕಂಪನಿಗಳು ಆಲ್ಬನಿ ನಗರದಲ್ಲಿ ಕೂಡಿ ರಾಜಿಮಾಡಿಕೊಂಡವು: ಎಲ್ಲರ ಹಕ್ಕುಗಳನ್ನೂ ಒಂದೇ ಗಂಟು ಮಾಡುವುದು, ತಯಾರಿಸುವವರೆಲ್ಲ ಆ ಗಂಟಿಗೆ ಕಾಣಿಕೆ ಸಲ್ಲಿಸುವುದು. ಅಮೆರಿಕದಲ್ಲಿ ಮಾರಾಟವಾದ ಪ್ರತಿ ಯಂತ್ರಕ್ಕೂ ಹೋವನಿಗೆ 5 ಡಾಲರು ಬರತೊಡಗಿತು. ಒಂದು ಕಾಲದಲ್ಲಿ ಅನ್ನಕ್ಕಿಲ್ಲದಿದ್ದವನು 1867ರಲ್ಲಿ ಸಾಯುವಾಗ ದೊಡ್ಡ ಶ್ರೀಮಂತ. ಅವನ ಹೆಂಡತಿಗೆ ಮಾತ್ರ ಅದರಲ್ಲಿ ಒಂದು ದಿನದ ಸುಖವೂ ದಕ್ಕಲಿಲ್ಲ.

ಎರಡನೆಯ ಅಡ್ಡಿ ಬೆಲೆ. ಸಿಂಗರ್ ಯಂತ್ರಕ್ಕೆ 100 ಡಾಲರಿನ ಮೇಲೆ ಬೆಲೆಯಿತ್ತು. ಆ ಕಾಲದ ಸಾಧಾರಣ ಅಮೆರಿಕನ್ ಸಂಸಾರದ ವರ್ಷದ ಆದಾಯ ಸುಮಾರು 500 ಡಾಲರು. ಯಾವ ಮನೆಯವರು ವರ್ಷದ ಗಳಿಕೆಯ ಐದರಲ್ಲೊಂದು ಪಾಲನ್ನು ಒಂದು ಯಂತ್ರಕ್ಕೆ ಸುರಿದಾರು? ಈ ಗಂಟನ್ನು ಬಿಡಿಸಿದವನು ಯಂತ್ರಕಾರನಲ್ಲ, ವಕೀಲ. ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಒಂದು ಉಪಾಯ ಹೂಡಿದ. ಸ್ವಲ್ಪ ಹಣ ಕೊಟ್ಟು ಯಂತ್ರವನ್ನು ಮನೆಗೆ ಒಯ್ಯಿರಿ; ಅದರಲ್ಲಿ ಹೊಲಿದು ಸಂಪಾದಿಸಿ; ತಿಂಗಳು ತಿಂಗಳಿಗೆ ಕಂತು ಕಟ್ಟಿ; ಕಂತು ತೀರಿದ ದಿನ ಯಂತ್ರ ನಿಮ್ಮದು. 1855ರಲ್ಲಿ ಆ ಕಂಪನಿ ಮಾರಿದ್ದು 883 ಯಂತ್ರಗಳು. ಮರುವರ್ಷ 2,564. ಯಂತ್ರದ ಒಂದು ಮೊಳೆಯೂ ಬದಲಾಗಿರಲಿಲ್ಲ. ಬದಲಾದದ್ದು ಹಣ ಕೊಡುವ ರೀತಿ.

ಇನ್ನೂ ಒಂದು ಸಂಗತಿಯಿದೆ. ಹೆಂಗಸರಿಗೆ ಯಂತ್ರದ ಬುದ್ಧಿಯಿಲ್ಲ ಎಂದು ಆ ಕಾಲದ ಗಂಡಸರು ನಂಬಿದ್ದರು. ಅದನ್ನು ವಾದದಿಂದ ಅಲ್ಲ, ಕಣ್ಣಿಗೆ ಕಾಣಿಸಿ ಸುಳ್ಳುಮಾಡಬೇಕಾಗಿತ್ತು. ಸಿಂಗರ್ ಕಂಪನಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅಲಂಕಾರದ ಮಳಿಗೆ ತೆರೆದು, ತರುಣಿಯರನ್ನು ಯಂತ್ರದ ಮುಂದೆ ಕೂರಿಸಿ ಹೊಲಿಸಿತು. ಬಂದವರಿಗೆ ಕಲಿಸಿತು. ಪಾದ್ರಿಗಳ ಮನೆಗೆ ಅರ್ಧ ಬೆಲೆಗೆ ಕೊಟ್ಟಿತು, ಊರಿನವರು ಅಲ್ಲಿ ನೋಡಿ ನಂಬಲಿ ಎಂದು. ಮುಂದೆ ಊರೂರಿನ ಶಾಖೆಗಳಲ್ಲಿ ಮಾರುವವನ ಜೊತೆಗೆ ಕಲಿಸುವವರು, ರಿಪೇರಿ ಮಾಡುವವರು ಇದ್ದರು. ವೀಲರ್ ಅಂಡ್ ವಿಲ್ಸನ್ ಕಂಪನಿಯ ಯಂತ್ರ ಹಗುರವಾಗಿ ನಯವಾಗಿತ್ತು. ಮೊದಲ ಹತ್ತು ಹನ್ನೆರಡು ವರ್ಷ ಹೆಚ್ಚು ಮಾರಾಟವಾದದ್ದೂ ಅದೇ. 1867ರ ಹೊತ್ತಿಗೆ ಸಿಂಗರ್ ಅದನ್ನು ಹಿಂದೆ ಹಾಕಿತು. ಕಲಿಸುವ ಮನುಷ್ಯನೂ ರಿಪೇರಿಯ ಮನುಷ್ಯನೂ ಇಲ್ಲದ ಒಳ್ಳೆಯ ಯಂತ್ರಕ್ಕಿಂತ, ಅವರಿರುವ ಸಾಧಾರಣ ಯಂತ್ರ ಮೇಲೆಂದು ಜನ ತೀರ್ಮಾನಿಸಿದರೆಂದು ನನಗೆ ತೋರುತ್ತದೆ.

ಸಿಂಗರ್ ಭರತಖಂಡಕ್ಕೆ ಬಂದದ್ದು 1870ರ ದಶಕದಲ್ಲಿ. ಸೀರೆ, ಪಂಚೆ, ಶಲ್ಯಗಳ ದೇಶದಲ್ಲಿ ಹೊಲಿಗೆ ಯಂತ್ರಕ್ಕೆ ಏನು ಕೆಲಸ? ನಮ್ಮ ಹಳಬರ ಮೈಮೇಲಿನ ಬಟ್ಟೆಗೆ ಸೂಜಿ ಸೋಕುತ್ತಿದ್ದದ್ದೇ ಕಡಿಮೆ; ಹೆಣ್ಣುಮಕ್ಕಳ ಕುಪ್ಪಸ, ಗಂಡಸರ ಅಂಗಿ, ಅಷ್ಟೆ. ಆದರೆ ಯಂತ್ರ ಮೊದಲು ನೆಲೆ ಕಂಡದ್ದು ಮನೆಗಳಲ್ಲಿ ಅಲ್ಲ, ದರ್ಜಿಯ ಅಂಗಡಿಯ ಜಗಲಿಯ ಮೇಲೆ. ಪ್ಯಾರಿಸ್ಸಿನ ದರ್ಜಿ ಯಾವುದನ್ನು ಒಡೆದುಹಾಕಿದನೋ ಅದನ್ನು ನಮ್ಮ ದರ್ಜಿ ಸಾಲ ಮಾಡಿ ತಂದು ಊದುಬತ್ತಿ ಹಚ್ಚಿದ. ಒಬ್ಬನಿಗೆ ಅದು ಬೇರೆಯವನ ಕಾರ್ಖಾನೆಯ ಯಂತ್ರ. ಇನ್ನೊಬ್ಬನಿಗೆ ತನ್ನದೇ ಯಂತ್ರ. ವ್ಯತ್ಯಾಸವೆಲ್ಲ ಇರುವುದು ಇಲ್ಲಿಯೇ.

ಯಂತ್ರಗಳನ್ನು ಕಂಡರಾಗದವರೆಂದು ಹೆಸರಾದ ಗಾಂಧೀಜಿ ಕೂಡ ಇದೊಂದಕ್ಕೆ ರಿಯಾಯಿತಿ ತೋರಿಸಿದರು. 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಒಂದು ಸಂಭಾಷಣೆಯಲ್ಲಿ, ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು ಸಿಂಗರ್ ಪ್ರೀತಿಯಿಂದ ಈ ಯಂತ್ರವನ್ನು ಮಾಡಿದನೆಂದು ಅವರು ಹೇಳುತ್ತಾರೆ. ಚರಿತ್ರೆಯ ಸಿಂಗರ್ ಅಂಥವನಲ್ಲ. ಹಲವು ಸಂಸಾರಗಳನ್ನು ಏಕಕಾಲಕ್ಕೆ ಹೂಡಿದ್ದವನು. ತನಗೆ ಬೇಕಾದದ್ದು ಕಾಸೇ ಹೊರತು ಆವಿಷ್ಕಾರವಲ್ಲವೆಂದು ಹೇಳಿಕೊಂಡನೆಂದು ಪ್ರತೀತಿ. ಗಾಂಧೀಜಿ ಹೇಳಿದ ಪ್ರೀತಿಯ ಕಥೆ ಬಡ ಹೋವನಿಗೇ ಹೆಚ್ಚು ಒಪ್ಪುತ್ತದೆ. ಆದರೆ ಕಥೆಯ ನಾಯಕ ತಪ್ಪಿದರೂ ತತ್ತ್ವ ತಪ್ಪಲಿಲ್ಲ. ಮನುಷ್ಯನ ಅಂಗಗಳಿಗೆ ಆಯಾಸ ಕಡಿಮೆ ಮಾಡಿ, ಅವನ ಕೈಯನ್ನು ಅವನಿಗೇ ಉಳಿಸುವ ಯಂತ್ರ ಒಳ್ಳೆಯದು ಎಂಬುದು ಅವರ ಇಂಗಿತ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸತೊಡಗಿದ ಮೇಲೆ, ಅದು ಕ್ರಮೇಣ ನಮ್ಮ ಮಧ್ಯಮವರ್ಗದ ಮನೆಗಳೊಳಕ್ಕೂ ಬಂತು.

ಹಾಗೆಯೇ ನಮ್ಮ ಮನೆಗೂ ಬಂತು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಯಂತ್ರದ ಬೆಲೆ ಅವರ ಒಂದು ತಿಂಗಳ ಸಂಬಳದಷ್ಟು. ಅಂಗಡಿಯವರು ಕಂತಿಗೆ ಕೊಡಲು ಒಪ್ಪಿದರು, ಆದರೆ ಜಾಮೀನು ಬೇಕೆಂದರು. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ವಯಸ್ಸಾದ ದರ್ಜಿ ಸಾಹೇಬರ ಅಂಗಡಿಯಿತ್ತು. ಅವರೇ ಜಾಮೀನು ನಿಂತರು. “ಅಕ್ಕಾ, ಮೆಷಿನ್ನು ತರೋದು ದೊಡ್ಡದಲ್ಲ, ದಾರ ಕಡೀದಂಗೆ ತುಳಿಯೋದು ದೊಡ್ಡದು” ಎಂದು, ಮೂರು ತಿಂಗಳು ಪ್ರತಿ ಮಧ್ಯಾಹ್ನ ಬಂದು, ಬಾಬಿನ್ನಿಗೆ ದಾರ ಸುತ್ತುವುದರಿಂದ ಹಿಡಿದು ಕತ್ತಿನ ಪಟ್ಟಿ ಕೂರಿಸುವವರೆಗೆ ಎಲ್ಲವನ್ನೂ ಕಲಿಸಿದರು. “ನಿಮ್ಮ ಗಿರಾಕಿ ನಮ್ಮನೇಗೆ ಬಂದರೆ ಏನು ಮಾಡ್ತೀರಿ ಸಾಹೇಬರೇ?” ಎಂದು ತಂದೆಯವರು ನಗುತ್ತ ಕೇಳಿದರು. “ಹೆಂಗಸರ ರವಿಕೆ ಅಳತೆ ಹೆಂಗಸರೇ ತಗೊಳ್ಳೋದು ಒಳ್ಳೇದಲ್ವಾ ಮೇಷ್ಟ್ರೇ. ಪ್ಯಾಂಟು ಷರಟು ನನಗಿರಲಿ” ಎಂದರು ಅವರು.

ನನ್ನ ಕಾಲೇಜಿನ ಶುಲ್ಕ, ಅಕ್ಕನ ಮದುವೆಯ ಅರ್ಧ ಖರ್ಚು, ಆ ಪೆಡಲಿನಿಂದಲೇ ಬಂದವು. ಅಮ್ಮನ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವಿದೆ. ಹೆಸರು, ಅಳತೆ, ಕೂಲಿ. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಎರಡು ಗಂಟೆಯವರೆಗೆ ಆ ಯಂತ್ರದ ಸದ್ದು ಕೇಳುತ್ತ ನಾನು ಮಲಗಿದ್ದೇನೆ. ಅದು ದುಡಿಮೆಯ ಸದ್ದೆಂಬುದು ತಿಳಿದದ್ದು, ಅಮ್ಮನ ಬೆನ್ನು ಬಾಗಿ, ಕಣ್ಣು ಮಂಜಾದ ಮೇಲೆ.

ಈಗ ಹಂಟನ ಮಗಳ ಅಂಜಿಕೆಗೆ ಬರೋಣ. ಕೈಯಲ್ಲಿ ಒಂದು ಷರಟು ಹೊಲಿಯಲು ಹದಿನಾಲ್ಕು ಗಂಟೆಗೂ ಮೇಲೆ ಬೇಕಾಗಿದ್ದರೆ, ಯಂತ್ರದಲ್ಲಿ ಒಂದೂಕಾಲು ಗಂಟೆ ಸಾಕೆಂದು ಅಮೆರಿಕದ ಕಂಪನಿಯೊಂದು ಲೆಕ್ಕಹಾಕಿ ಪ್ರಕಟಿಸಿತ್ತು. ಉಳಿದ ಹದಿಮೂರು ಗಂಟೆ ಯಾರದಾಯಿತು? ಹೊಲಿಯುವವಳಿಗೆ ಬಿಡುವಾಗಿ ಸಿಗಲಿಲ್ಲ. ಒಂದು ಷರಟಿನ ಕೂಲಿ ಇಳಿಯಿತು, ಅವಳು ಅಷ್ಟೇ ಹೊತ್ತು ಕುಳಿತು ಹೆಚ್ಚು ಷರಟು ಹೊಲಿದಳು. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಬೆಳಗಿನ ಬಸ್ಸಿನಿಂದ ಇಳಿದು ಸಾಲುಸಾಲಾಗಿ ಹೋಗುವುದನ್ನು ಓದುಗರು ನೋಡಿದ್ದೀರಿ. ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಗುಂಡಿ. ಗಂಟೆಗೆ ಇಷ್ಟೆಂಬ ಗುರಿ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಹೊಸ ಕಟ್ಟುಪಾಡು ಬಂದಾಗ, ಸಾವಿರಾರು ಮಂದಿ ಇವರೇ ರಸ್ತೆಗಿಳಿದರು. ಕೇಂದ್ರ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅವರ ಮುಂದಿರುವುದೂ ಸೂಜಿ, ಕುಣಿಕೆ, ಎರಡು ದಾರ. ಅಮ್ಮನ ಮುಂದೆ ಇದ್ದದ್ದೂ ಅದೇ. ಯಂತ್ರ ಯಾರದು ಎಂಬ ಪ್ರಶ್ನೆಯಷ್ಟೇ ಬೇರೆ. ಹಂಟನ ಮಗಳು ಹೆದರಿದಂತೆ ಹೊಲಿಯುವವರ ಕೆಲಸ ಹೋಗಲಿಲ್ಲ. ಆದರೆ ಅವಳು ಹೆದರಿದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಆ ಕಾರ್ಖಾನೆಗಳ ಸಿದ್ಧ ಉಡುಪು ನಮ್ಮ ಊರಿನ ಸಂತೆಗೂ ಬಂದ ಮೇಲೆ ಸಾಹೇಬರಿಗೆ ಪ್ಯಾಂಟು ಷರಟು ಹೊಲಿಯಲು ಬರುವವರು ಇಲ್ಲವಾದರು. ಕೊನೆಯ ವರ್ಷಗಳಲ್ಲಿ ಅಮ್ಮನೇ ತಮಗೆ ಬಂದ ಕೆಲಸದಲ್ಲಿ ಒಂದಿಷ್ಟನ್ನು ಅವರಿಗೆ ಕಳುಹಿಸುತ್ತಿದ್ದರು. ಕಂತಿಗೆ ಜಾಮೀನು ನಿಂತವರ ಋಣ ಅಷ್ಟರಿಂದ ತೀರಿತೆಂದು ಅವರು ಎಂದೂ ಹೇಳಲಿಲ್ಲ.

ಇಷ್ಟನ್ನೂ ಹೇಳಿ ನನ್ನ ವಿದ್ಯಾರ್ಥಿಯ ಮುಖ ನೋಡಿದೆ. ಹೊಸ ಸರಕು ಗೆಲ್ಲುವುದು ಮೊದಲು ಹುಟ್ಟಿದ್ದರಿಂದಲ್ಲ, ಬರಿಯ ಗುಣದಿಂದಲೂ ಅಲ್ಲ. ಬಳಸುವವನ ಮೈಗೆ ಅದು ಹೊಂದಬೇಕು. ಅವನ ಜೇಬಿಗೆ ಕಂತಾಗಿ ಇಳಿಯಬೇಕು. ಕಲಿಸುವ ಕೈಯೊಂದು ಹತ್ತಿರವಿರಬೇಕು. ಕೆಟ್ಟರೆ ಸರಿಮಾಡುವವನು ಕೂಗಳತೆಯಲ್ಲಿರಬೇಕು. ನಮ್ಮ ಊರಿನಲ್ಲಿ ಯಾವುದೋ ಯೋಜನೆಯಲ್ಲಿ ಬಿಟ್ಟಿಯಾಗಿ ಬಂದ ಎರಡು ಹೊಲಿಗೆ ಯಂತ್ರಗಳು ಅಟ್ಟದ ಮೇಲೆ ತುಕ್ಕು ಹಿಡಿದಿರುವುದನ್ನು ನಾನು ಕಂಡಿದ್ದೇನೆ. ಅವುಗಳಿಗೆ ಬೆಲೆಯ ತೊಡಕಿರಲಿಲ್ಲ, ಸಾಹೇಬರಂಥವರು ಇರಲಿಲ್ಲ.

“ಇನ್ನೊಂದು ಮಾತು” ಎಂದೆ. “ನಿನ್ನ ಯಂತ್ರ ಯಾರ ಕೈಯ ಕೆಲಸವನ್ನು ತೆಗೆದುಕೊಳ್ಳುತ್ತದೆಯೋ ಅವರ ಹತ್ತಿರ ಮಾತನಾಡಿದ್ದೀಯಾ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ತೋಟದ ಧಣಿಗಳಿಗೆ ತೋರಿಸಿದ್ದನಂತೆ, ಮಂಡಿಯವರಿಗೆ ತೋರಿಸಿದ್ದನಂತೆ. ಸಾವಿರಕ್ಕೆ ಇಷ್ಟೆಂದು ಕೂಲಿಗೆ ಕಾಯಿ ಸುಲಿಯುವವರನ್ನು ಕೇಳಿರಲಿಲ್ಲ. “ಅವರೇ ಕಂತಿಗೆ ಕೊಂಡು ತೋಟದಿಂದ ತೋಟಕ್ಕೆ ಹೊತ್ತುಕೊಂಡು ಹೋಗೋ ಹಾಗಿದ್ದರೆ…” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ, “ಈಗಿನದು ಭಾರ ಸಾರ್, ಒಬ್ಬ ಹೊರುವ ಹಾಗಿಲ್ಲ. ಮತ್ತೆ ಮಾಡಬೇಕು” ಎಂದ.

ಒಳಗಿನಿಂದ ಅಮ್ಮ ಕಾಫಿ ತಂದರು. ಅವನು ಏಳುತ್ತ, ಕಿಟಕಿಯ ಕೆಳಗಿನ ಯಂತ್ರದ ಹತ್ತಿರ ಹೋಗಿ ಪೆಡಲನ್ನು ಮೆಲ್ಲನೆ ಒಮ್ಮೆ ತುಳಿದು ನೋಡಿದ. “ಎಣ್ಣೆ ಬಿಟ್ಟಿದೀನಪ್ಪ, ಇನ್ನೂ ಓಡುತ್ತೆ” ಎಂದರು ಅಮ್ಮ.